ಅಜ್ಜಿ ಹೊತ್ತೊಯ್ದ ಅನ್ನದ ಪಾತ್ರೆ

ಕೊಮಾಹಾಮಾ
ಜಪಾನ್
1959 ನವೆಂಬರ್ 8

ಅಣ್ಣ ಸೆಯ್‌ಕಿಚಿಗೆ ಕಿನು ಬರೆಯುವುದು,

ಮೊದಲು ಬೈಗುಳ, ಕ್ಷೇಮಸಮಾಚಾರ ಆಮೇಲೆ. ನಾನು ಕಳಿಸಿದ ಒಣ ಕಡಲಸೊಪ್ಪು ಕೈಸೇರಿತೆಂದು ಒಂದು ಗೆರೆ ಬರೆಯಲು ನಿನಗೆ ವರ್ಷ ಬೇಕಾಯಿತು. ಬರೆದದ್ದಾದರೂ ಏನು? "ಇಲ್ಲೂ ಇಂಥದೇ ಸಿಗುತ್ತದೆ, ಎಲ್ವಿರಾ ಇದನ್ನು ಆಲೂಗಡ್ಡೆ ಜೊತೆ ಬೇಯಿಸಿದಳು" ಎಂದು. ನಮ್ಮ ಕೊಲ್ಲಿಯ ಸೊಪ್ಪನ್ನು ಆಲೂಗಡ್ಡೆ ಜೊತೆ ಬೇಯಿಸಿದ ಅತ್ತಿಗೆಯನ್ನು ನಾನು ಒಮ್ಮೆ ನೋಡಲೇಬೇಕು. ಬೈಯಲಿಕ್ಕಲ್ಲ, ನೋಡಲಿಕ್ಕೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನ್ನ ಗಂಡ ಗೆನ್‌ಜೋನ ಸಿಂಪಿ ಬೆಳೆಸುವ ತೆಪ್ಪಗಳು ಈ ಸಲ ತುಂಬಿವೆ. ಮಗಳು ಫುಮಿ ನನ್ನ ಭುಜದೆತ್ತರ ಬಂದಿದ್ದಾಳೆ. ಅಜ್ಜಿಗೆ ಹಲ್ಲು ಒಂದೇ ಉಳಿದಿದೆ, ನಾಲಿಗೆ ಮಾತ್ರ ಪೂರ್ತಿ ಇದೆ. ಮಲಗುವ ಮೊದಲು ಈಗಲೂ ಎಲ್ಲರ ತಲೆದಿಂಬಿನ ಪಕ್ಕ ಚಪ್ಪಲಿ ಇಡುತ್ತಾಳೆ. ಗೆನ್‌ಜೋ ನಗುತ್ತಾನೆ. "ಅಜ್ಜಿ, ನೆಲ ನಡುಗಿದ್ರೆ ಹೆಣಕ್ಕೂ ಎಚ್ಚರ ಆಗತ್ತೆ. ಆಗ ಹುಡುಕ್ಕೊಂಡ್ರಾಯ್ತು ಚಪ್ಲೀನ" ಅನ್ನುತ್ತಾನೆ. ಊರಿಗೆಲ್ಲ ಅದೇ ಧೈರ್ಯ. ನೆಲ ನಡುಗದೆ ನೀರು ಬರುವುದಿಲ್ಲ ಎಂದು ಮೀನು ಮಾರುವವಳಿಂದ ಹಿಡಿದು ಮೇಷ್ಟರವರೆಗೆ ಎಲ್ಲರೂ ಹೇಳುತ್ತಾರೆ. ಅಜ್ಜಿ ಮಾತ್ರ ಚಪ್ಪಲಿ ಇಟ್ಟು ಮಲಗುತ್ತಾಳೆ.

ಅಜ್ಜಿ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ದಿನವೂ ನಿನ್ನನ್ನು ನೆನೆಸುತ್ತಾಳೆ. ಅವಳಿಗೆ ಎಂಬತ್ತು ದಾಟಿತು ಅಣ್ಣಾ. ಅವಳ ಕಣ್ಣಿರುವಾಗಲೇ ಒಮ್ಮೆ ಬಂದು ಹೋಗು. ಇಷ್ಟೇ ನಾನು ಬೇಡುವುದು.

ನಿನ್ನ ತಂಗಿ
ಕಿನು

*

ವಾಲ್ದಿವಿಯಾ ನದಿಯ ದಡ, ಚಿಲಿ
1960 ಫೆಬ್ರವರಿ 20

ಪುಟ್ಟಿ ಕಿನು,

ನಿನಗೆ ಮಕ್ಕಳಾದರೂ ನನಗೆ ನೀನು ಪುಟ್ಟಿಯೇ. ಎಲ್ವಿರಾಗೆ ನಿನ್ನ ಬೈಗುಳ ಓದಿ ಹೇಳಿದೆ. "ಬರ್ಲಿ ನಿನ್ ತಂಗಿ, ಆಲೂಗಡ್ಡೆ ಸಿಪ್ಪೆ ಅವಳ ಕೈಲೇ ಸುಲಿಸ್ತೀನಿ" ಅಂದಳು. ಇವಳ ಬ್ರೆಡ್ಡಿನ ಅಂಗಡಿ ಚೆನ್ನಾಗಿ ನಡೆಯುತ್ತಿದೆ. ನನ್ನ ದೋಣಿ ಕಟ್ಟುವ ಕೊಟ್ಟಿಗೆಯೂ ಅಷ್ಟೇ.

ನೀನು ಯಾವಾಗಲೂ ಕೇಳುತ್ತೀಯ, ಈ ಊರಿನಲ್ಲಿ ಏನಿದೆ ಎಂದು ಕೂತಿದ್ದೀಯ ಎಂದು. ನದಿ ಇದೆ ಕಿನು. ಕೆನೆಕಟ್ಟಿದ ಹಾಲಿನಂತೆ ಅಲ್ಲಾಡದ ನದಿ. ಸಮುದ್ರ ಬೆಟ್ಟದ ಆಚೆ, ಅದರ ಮುಖ ನಾನು ನೋಡಬೇಕಾಗಿಲ್ಲ. ನೀನೇ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಾ. ಆ ಕೊಲ್ಲಿ ಮನುಷ್ಯರನ್ನು ತಿನ್ನುವ ಕೊಲ್ಲಿ.

ಒಂದು ಮಾತು. ಅಜ್ಜಿಯ ಆಶೀರ್ವಾದಗಳನ್ನು ನನಗೆ ಬರೆಯಬೇಡ. ಇಪ್ಪತ್ತೇಳು ವರ್ಷದ ಹಿಂದೆ ಆ ಚಳಿಯಲ್ಲಿ ನಡುಗಿದ ನೆಲ ನಿಂತ ಮೇಲೆ ನಾನು ಅವಳ ತೋಳು ಹಿಡಿದುಕೊಂಡೆ. "ಅಮ್ಮ ಒಳಗಿದಾಳೆ, ಬಾ ಕರ್ಕೊಂಬರೋಣ" ಅಂದೆ. ನನ್ನ ಕೈಯನ್ನು ಕೊಡವಿಹಾಕಿದಳು. "ನಿಮ್ಮಮ್ಮನ ಕಾಲು ನಿಮ್ಮಮ್ಮಂದು, ನಿನ್ ಕಾಲು ನಿಂದು" ಅಂದು ಬೆನ್ನು ತಿರುಗಿಸಿ ಓಡಿದಳು. ತಿರುಗಿ ಸಹ ನೋಡಲಿಲ್ಲ. ಅವಳನ್ನು ಎಳೆದು ತರಬೇಕು ಎಂದೇ ನಾನು ಬೆಟ್ಟದವರೆಗೂ ಬೆನ್ನಟ್ಟಿದೆ. ಅಷ್ಟರಲ್ಲಿ ನೀರು ಬಂದು ನಮ್ಮ ಬೀದಿಯೇ ಇರಲಿಲ್ಲ. ಅಮ್ಮ ಅವಳಿಗೆ ಸೊಸೆ ತಾನೇ, ಹೋದರೆ ಹೋಗಲಿ ಅಂದುಕೊಂಡಳು. ಹದಿನೈದು ವರ್ಷದವನಿಗೆ ಅಷ್ಟು ಅರ್ಥವಾಗಿತ್ತು.

ಸಿಂಪಿಯ ಸಮಾಚಾರ ಬರೆ, ಫುಮಿಯ ಸಮಾಚಾರ ಬರೆ, ಬೆಕ್ಕು ಮರಿ ಹಾಕಿದರೂ ಬರೆ. ಅದು ಬೇಡ.

ನಿನ್ನ ಅಣ್ಣ

*

ಕೊಮಾಹಾಮಾ
1960 ಮೇ 23, ಸಂಜೆ

ಅಣ್ಣಾ,

ರೇಡಿಯೋದಲ್ಲಿ ಈಗ ಹೇಳಿದರು, ಚಿಲಿಯ ದಕ್ಷಿಣದಲ್ಲಿ ಭಾರಿ ಭೂಕಂಪವಂತೆ. ಊರಿನ ಹೆಸರು ಎರಡು ಸಲ ಹೇಳಿದರೂ ನನಗೆ ಹಿಡಿಯಲಿಲ್ಲ. ವಾಲ್ದಿವಿಯಾ ಎಂದ ಹಾಗೆ ಕೇಳಿತು. ಹಾಗಿರಲಾರದು. ನಿನ್ನ ಹಾಲಿನಂಥ ನದಿಯ ಊರಲ್ಲವೇ ಅದು?

ದೂರದ ಬೆಟ್ಟ ನುಣ್ಣಗೆ ಎಂದು ನಿನ್ನನ್ನು ಅಣಕಿಸಬೇಕೆಂದಿದ್ದೆ, ಈಗ ಬಾಯಿ ಬರುತ್ತಿಲ್ಲ. ಇದು ಕೈಸೇರಿದ ಕೂಡಲೇ ಒಂದೇ ಒಂದು ಪದ ಬರೆ. ಇದ್ದೇನೆ ಎಂದು ಬರೆ, ಸಾಕು.

ನಮ್ಮ ಬಗ್ಗೆ ಚಿಂತೆ ಮಾಡಬೇಡ. ಇಲ್ಲಿ ಒಂದು ಎಲೆಯೂ ಅಲುಗಿಲ್ಲ. ಕೊಲ್ಲಿ ಎಣ್ಣೆ ಹಚ್ಚಿದ ಹಾಗೆ ಸುಮ್ಮನಿದೆ. ಭೂಮಿಯ ಆ ತುದಿಯ ನಡುಕ ನಮ್ಮ ತನಕ ಎಲ್ಲಿಂದ ಬರಬೇಕು? ಬೆಳಿಗ್ಗೆ ಎದ್ದು ಇದನ್ನು ಅಂಚೆಗೆ ಹಾಕುತ್ತೇನೆ.

ಕಿನು

*

ಕೊಮಾಹಾಮಾ, ಬೆಟ್ಟದ ಮೇಲಿನ ಶಾಲೆ
1960 ಮೇ 30

ಅಣ್ಣಾ,

ನೀನು ಇದ್ದೀಯೋ ಇಲ್ಲವೋ ತಿಳಿಯದೆ ಬರೆಯುತ್ತಿದ್ದೇನೆ. ಇದ್ದೀಯ ಎಂದೇ ಬರೆಯುತ್ತೇನೆ. ಹಿಂದಿನ ಪತ್ರ ಅಂಚೆಗೆ ಬೀಳಲಿಲ್ಲ, ನನ್ನ ಮಡಿಲಲ್ಲೇ ಉಳಿಯಿತು. ಇದರ ಜೊತೆಗೇ ಇಡುತ್ತೇನೆ, ಓದಿ ನಗು. ನಾನು ಅದನ್ನು ಬರೆಯುತ್ತಿದ್ದಾಗ ನಿಮ್ಮೂರಿನ ನೀರು ಆಗಲೇ ನಮ್ಮೂರಿಗೆ ಹೊರಟಿತ್ತಂತೆ.

ಮರುದಿನ ಬೆಳಕು ಹರಿಯುವ ಹೊತ್ತು. ನಾನು ಅನ್ನಕ್ಕೆ ಇಟ್ಟಿದ್ದೆ. ಹೊರಗೆ ಗಲಾಟೆ. ಕೊಲ್ಲಿಯ ನೀರು ಹಿಂದೆ ಸರಿದು ತಳವೆಲ್ಲ ಬರಿದಾಗಿದೆ, ತೆಪ್ಪಗಳು ಕೆಸರಲ್ಲಿ ಕೂತಿವೆ, ಬಂಡೆಗೆ ಅಂಟಿದ ಚಿಪ್ಪುಮೀನುಗಳು ಕೈಗೆ ಸಿಗುವಂತಿವೆ. ಯಾರಾದರೂ ಬಿಡುತ್ತಾರೆಯೇ? ಬುಟ್ಟಿ ಹಿಡಿದು ಇಳಿದರು. ಗೆನ್‌ಜೋನೂ ಹೋದ. ಕ್ಷೌರದ ಕಾಮೆಜಿ ಮಾವ ಹೋಗುತ್ತಾ ನಮ್ಮ ಬಾಗಿಲಲ್ಲಿ ನಿಂತು, "ಕಿನು, ನೆಲ ನಡುಗಿಲ್ಲ, ಏನಿಲ್ಲ. ಸಮುದ್ರನೇ ಕರ್ದು ಬಡಿಸ್ತಾ ಇದೆ, ಬಾರೇ" ಅಂದರು. ನಾನೂ ನಿಲುವಂಗಿ ಎತ್ತಿ ಕಟ್ಟಿದೆ.

ತಿರುಗಿ ನೋಡಿದರೆ ಒಲೆಯ ಮೇಲೆ ಪಾತ್ರೆ ಇಲ್ಲ. ಅಜ್ಜಿ ಅದನ್ನು ಬಟ್ಟೆಯಲ್ಲಿ ಹಿಡಿದು, ಮಲಗುವ ಬಟ್ಟೆಯಲ್ಲೇ, ಹಿತ್ತಿಲ ಬಾಗಿಲಿಂದ ಬೆಟ್ಟದ ದಾರಿ ಹಿಡಿದಿದ್ದಾಳೆ. ಸೊಂಟ ಎರಡಾಗಿ ಬಾಗಿದವಳು, ಊಟದ ಪಾತ್ರೆ ಹೊತ್ತು ನಡೆಯುತ್ತಿದ್ದಾಳೆ.

"ಅಜ್ಜಿ, ಎಲ್ಲಿಗ್ ಹೊರಟೆ? ಅನ್ನ ಇನ್ನೂ ಬೆಂದಿಲ್ಲ" ಅಂದೆ.

"ಬೇಯದಿದ್ರೆ ಹಸೀದೇ ತಿಂತೀನಿ. ನಿಮಗ್ಯಾರಿಗೂ ಒಂದಗುಳೂ ಕೊಡಲ್ಲ."

ತಲೆ ಕೆಟ್ಟಿತು ಎಂದುಕೊಂಡೆ ಅಣ್ಣಾ. ಮನೆಮಂದಿಗೆಲ್ಲ ಅದೊಂದೇ ಪಾತ್ರೆ ಅನ್ನ. ನಾನು ಹಿಂದೆ ಓಡಿದೆ. ಅನ್ನ ಹೋಗುತ್ತಿದೆ ಎಂದು ಮಗ ರೊಕು ಅಳುತ್ತಾ ನನ್ನ ಹಿಂದೆ, ಅವನನ್ನು ಹಿಡಿಯಲು ಫುಮಿ. ಅಜ್ಜಿ ನಿಲ್ಲಲಿಲ್ಲ, ತಿರುಗಿ ನೋಡಲಿಲ್ಲ. ನಾನು ಸಮೀಪ ಬಂದಾಗಲೆಲ್ಲ ಬೈದಳು. ನನ್ನ ಅಡುಗೆ ಬೈದಳು, ನನ್ನ ಗಂಡನ ಮೀನುಗಾರಿಕೆ ಬೈದಳು. ಕೊನೆಗೆ ನಿನ್ನನ್ನೂ ಬೈದಳು. ನನಗೆ ಎಷ್ಟು ಕೋಪ ಬಂತೆಂದರೆ ಕೊಲ್ಲಿಯ ಕಡೆಯಿಂದ ಕೂಗು ಕೇಳಿದ್ದೂ ತಿಳಿಯಲಿಲ್ಲ. ಬೆಟ್ಟ ಹತ್ತಿ, ಶಾಲೆಯ ಕೆಳಗಿನ ಸೇತುವೆಯ ಮೇಲೆ ಪಾತ್ರೆ ಕಸಿದುಕೊಂಡೆ. ಆಗ ಫುಮಿ, "ಅಮ್ಮಾ, ನೀರು" ಅಂದಳು.

ಬೀದಿ ಹೋಯಿತು, ಮನೆ ಹೋಯಿತು. ಗೆನ್‌ಜೋ ಬದುಕಿದ. ತೆಪ್ಪದ ಹಗ್ಗ ಬಿಗಿಯಲು ನಮ್ಮ ಕಡೆಯ ದಡದಲ್ಲೇ ನಿಂತಿದ್ದನಂತೆ. ಮಕ್ಕಳನ್ನು ಕರೆದುಕೊಂಡು ನಾನು ಅಜ್ಜಿಯ ಹಿಂದೆ ಕಿರುಚುತ್ತಾ ಓಡುವುದನ್ನು ಕಂಡು, ಏನಾಯಿತೋ ಎಂದು ಮೇಲೆ ಬಂದ. ಕಾಮೆಜಿ ಮಾವ ಬರಲಿಲ್ಲ.

ಶಾಲೆಯ ಅಂಗಳದಲ್ಲಿ ಅರೆಬೆಂದ ಅನ್ನ ಎಲ್ಲರೂ ತಿಂದೆವು. ಅಜ್ಜಿಯನ್ನು ಕೇಳಿದೆ, "ನಿಂಗೆ ಹೆಂಗ್ ಗೊತ್ತಾಯ್ತು?" ಎಂದು.

"ಏನೂ ಗೊತ್ತಾಗ್ಲಿಲ್ಲ. ಸಮುದ್ರ ಕಾಲು ಮಡಚ್ಕೊಂಡ್ ಕೂತಿತ್ತು, ಹೆದರಿಕೆ ಆಯ್ತು. ಹೆದರಿಕೆ ಆದ್ರೆ ಓಡ್ಬೇಕು, ನಾಚಿಕೆ ಆಮೇಲೆ ಪಟ್ಕೋಬಹುದು."

"ಮತ್ತೆ ಪಾತ್ರೆ ಯಾಕೆ?"

"ಹಸಿವಾಗಿತ್ತು."

ಅಣ್ಣಾ, ನೀನು ಬರೆಯಬೇಡ ಅಂದದ್ದನ್ನು ಬರೆಯುತ್ತಿದ್ದೇನೆ. ನಾನು ಅವಳನ್ನು ಎಳೆದು ತರಬೇಕೆಂದೇ ಬೆಟ್ಟದವರೆಗೂ ಬೆನ್ನಟ್ಟಿದೆ. ಈ ಮಾತು ಎಲ್ಲೋ ಓದಿದ ಹಾಗಿದೆ ಅಲ್ಲವೇ? ನಿನ್ನ ಫೆಬ್ರವರಿಯ ಪತ್ರದಲ್ಲಿ ಓದಿದ್ದೆ.

ಇನ್ನೊಂದು. ಆ ಚಳಿಯಲ್ಲಿ ಅಮ್ಮ ಒಳಗೆ ಹೋದದ್ದು ನನ್ನ ಹತ್ತಿ ತುಂಬಿದ ಅಂಗಿ ತರಲಿಕ್ಕೆ. ಅದು ನಿನಗೆ ಗೊತ್ತು. ಇಷ್ಟು ವರ್ಷದಲ್ಲಿ ಒಂದು ಪತ್ರದಲ್ಲೂ ನೀನು ಅದನ್ನು ಬರೆಯಲಿಲ್ಲ. ತಪ್ಪು ಹೊರಿಸದೆ ನನ್ನನ್ನು ಅಷ್ಟು ಉಳಿಸಿಕೊಂಡವನು ಅಜ್ಜಿಯನ್ನು ಒಂದು ಚೂರು ಉಳಿಸಲಾರೆಯಾ?

ಇದ್ದೇನೆ ಎಂದು ಬರೆ.

ಕಿನು

*

ವಾಲ್ದಿವಿಯಾ ಬಳಿಯ ಬೆಟ್ಟ
1960 ಜೂನ್ 5

ಪುಟ್ಟಿ,

ಇದ್ದೇನೆ. ಎಲ್ವಿರಾ ಇದ್ದಾಳೆ. ಹಾಲಿನ ನದಿಯೂ ಇಲ್ಲ, ದೋಣಿಯ ಕೊಟ್ಟಿಗೆಯೂ ಇಲ್ಲ. ನಿನ್ನಿಂದ ಪತ್ರವಿಲ್ಲ. ಇಲ್ಲಿಯ ಪಾದ್ರಿ, ನೀರು ಪೆಸಿಫಿಕ್ ದಾಟಿ ಜಪಾನಿಗೂ ಹೋಯಿತಂತೆ ಎನ್ನುತ್ತಾನೆ. ನಾನು ನಂಬುತ್ತಿಲ್ಲ. ಪತ್ರಕ್ಕೆ ಮೂರು ವಾರ ಬೇಕಾದ ದಾರಿ ನೀರಿಗೆ ಒಂದು ಹಗಲು ಒಂದು ರಾತ್ರಿಯಲ್ಲಿ ಮುಗಿಯಿತೇ? ನಂಬದಿದ್ದರೂ ನಿದ್ದೆ ಬರುತ್ತಿಲ್ಲ.

ಭಾನುವಾರ ಮಧ್ಯಾಹ್ನ. ಮೊದಲು ಸಣ್ಣದೊಂದು ಕಂಪನ ಬಂದು ಎಲ್ಲರನ್ನೂ ಬೀದಿಗೆ ತಂದಿತು. ಆಮೇಲೆ ದೊಡ್ಡದು. ನಿಲ್ಲಲಾಗದೆ ಹುಲ್ಲು ಹಿಡಿದು ಮಲಗಿದೆವು. ನಿಂತ ಮೇಲೆ ನದಿ ನೋಡಿದೆ, ಇಳಿಯುತ್ತಿತ್ತು. ನನಗೆ ಹದಿನೈದು ವರ್ಷವಾದ ಹಾಗಾಯಿತು. ಎಲ್ವಿರಾಳ ಕೈ ಹಿಡಿದು "ಬೆಟ್ಟಕ್ಕೆ" ಅಂದೆ. ಅವಳು ಅಂಗಡಿಯ ಒಳಗೆ ಹೊರಟಳು.

"ಒಲೆ ಉರೀತಿದೆ ಕಣೋ, ಬ್ರೆಡ್ ಸೀದುಹೋಗತ್ತೆ. ಒಂದ್ ನಿಮಿಷ."

ಅಮ್ಮನೂ ಒಂದು ನಿಮಿಷ ಅಂದಿದ್ದಳು ಕಿನು. ನಾನು ಎಳೆದೆ, ಅವಳು ನನಗಿಂತ ಗಟ್ಟಿ, ಬರಲಿಲ್ಲ. ಆಮೇಲೆ ನಾನು ಮಾಡಿದ್ದನ್ನು ಬರೆಯಲು ಈ ಪತ್ರ. ಅವಳ ಕೈ ಕೊಡವಿ ಓಡಿದೆ. ಬೆನ್ನು ತಿರುಗಿಸಿ, ಜಪಾನೀ ಭಾಷೆಯಲ್ಲಿ ಬೈಯುತ್ತಾ ಓಡಿದೆ. ಇಪ್ಪತ್ತು ವರ್ಷ ಜೊತೆಗಿದ್ದ ಗಂಡ ಹೇಳದೆ ಕೇಳದೆ ಬಿಟ್ಟು ಓಡಿದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ಬ್ರೆಡ್ ತೆಗೆಯುವ ಉದ್ದದ ಸೌಟು ಹಿಡಿದು ಹಿಂದೆ ಬಂದಳು, ನನಗೆ ಬಡಿಯಲಿಕ್ಕೆ. ಬೆಟ್ಟದ ಮೇಲೆ ಬಡಿದೂ ಬಡಿದಳು. ಎರಡನೇ ಏಟು ಎತ್ತಿದವಳು ಕೆಳಗೆ ನೋಡಿ ಸೌಟು ಬಿಟ್ಟು ನನ್ನನ್ನು ಹಿಡಿದುಕೊಂಡಳು.

ನಾನು ಲೆಕ್ಕ ಹಾಕಿ ಓಡಲಿಲ್ಲ, ಹೆದರಿ ಓಡಿದೆ. ಅವಳು ಹಿಂದೆ ಬಂದದ್ದು ನನ್ನ ಪುಣ್ಯ. ಬರದಿದ್ದರೆ ನಾನು ಏನಾಗುತ್ತಿದ್ದೆ? ಹೆಂಡತಿಯನ್ನು ಬಿಟ್ಟು ಓಡಿದವನು. ಅಷ್ಟೇ.

ಅಜ್ಜಿಗೆ ಒಂದು ಮಾತು ಹೇಳು. ಅಂದು ಹೆದರಿ ಓಡಿದೆಯೋ, ತಿಳಿದು ಓಡಿದೆಯೋ ಎಂದು ಕೇಳು. ಇಲ್ಲ, ಬೇಡ. ಇನ್ನೊಮ್ಮೆ ನಾನೇ ಕೇಳುತ್ತೇನೆ.

ನೀವೆಲ್ಲ ಇದ್ದೀರಿ ತಾನೇ?

ಸೆಯ್‌ಕಿಚಿ

*

ವಾಲ್ದಿವಿಯಾ
1969 ಜನವರಿ 12

ಕಿನು,

ಈ ಪತ್ರದ ಮೊದಲ ಭಾಗ ನಿನಗೆ. ಎರಡನೆಯದು ಅಜ್ಜಿಗೆ, ಅದನ್ನು ಗಟ್ಟಿಯಾಗಿ ಓದು.

ಬರುತ್ತೇನೆ ಬರುತ್ತೇನೆ ಎಂದು ಇಷ್ಟು ವರ್ಷ ನಿನಗೆ ಸುಳ್ಳು ಹೇಳಿದೆ. ದೋಣಿಯ ಕೆಲಸ, ಮನೆಯ ಕೆಲಸ, ಎಲ್ವಿರಾಳ ಮಂಡಿನೋವು ಎಲ್ಲ ನೆವ. ಅಜ್ಜಿಯನ್ನು ಕೇಳಬೇಕಾದ್ದನ್ನು ಕೇಳಲು ಧೈರ್ಯವಿರಲಿಲ್ಲ. ನೀನೂ ಮೊದಲಿನ ಹಾಗೆ ಬಾ ಎಂದು ಬರೆಯುವುದು ನಿಲ್ಲಿಸಿದೆ, ಅದು ಇನ್ನೂ ಹೆಚ್ಚು ಚುಚ್ಚಿತು.

ಕಳೆದ ಬೇಸಿಗೆಯಲ್ಲಿ ಭೂವಿಜ್ಞಾನಿಯೊಬ್ಬ ನನ್ನ ದೋಣಿ ಬಾಡಿಗೆಗೆ ಹಿಡಿದ. ದ್ವೀಪಗಳಿಗೆ ಹೋಗುವುದು, ಬಂಡೆಗೆ ಅಂಟಿ ಸತ್ತ ಚಿಪ್ಪುಗಳು ಈಗಿನ ನೀರಿಗಿಂತ ಎಷ್ಟು ಎತ್ತರದಲ್ಲಿವೆ ಎಂದು ಅಳೆಯುವುದು, ಇದೇ ಕೆಲಸ. ಸಮುದ್ರದ ಕಡೆಯ ದ್ವೀಪಗಳು ಆಳೆತ್ತರ ಮೇಲೆದ್ದಿವೆ. ನಮ್ಮ ನದಿಯ ಕಡೆ ನೆಲ ಕುಸಿದಿದೆ, ಹಸು ಮೇಯುತ್ತಿದ್ದ ಹುಲ್ಲುಗಾವಲಲ್ಲಿ ಈಗ ಹಂಸಗಳಿವೆ. ಯಾಕೆ ಎಂದು ಕೇಳಿದೆ. ನೆಲದ ಮೇಲೆ ಎರಡು ಚಾಪೆ ಹಾಸಿ ತೋರಿಸಿದ. ಸಮುದ್ರದ ತಳದ ಚಾಪೆ ಭೂಮಿಯ ಚಾಪೆಯ ಕೆಳಗೆ ನುಗ್ಗುತ್ತಿರುತ್ತದೆ, ನಮ್ಮ ಉಗುರು ಬೆಳೆಯುವಷ್ಟು ನಿಧಾನ. ನಡುವೆ ಕಚ್ಚಿಕೊಳ್ಳುತ್ತದೆ. ಮೇಲಿನ ಚಾಪೆಯ ಅಂಚನ್ನೂ ಕೆಳಗೆ ಎಳೆದುಕೊಂಡು ಹೋಗುತ್ತದೆ. ನೂರಾರು ವರ್ಷ ತಡೆದದ್ದು ಒಂದು ದಿನ ಬಿಟ್ಟುಕೊಂಡಾಗ ಅಂಚು ಚಿಮ್ಮಿ ಏಳುತ್ತದೆ, ಅದರ ಮೇಲಿನ ಸಮುದ್ರವನ್ನೇ ಎತ್ತಿಬಿಡುತ್ತದೆ. ಎತ್ತಿದ ನೀರು ಎಲ್ಲಿಗಾದರೂ ಹೋಗಲೇಬೇಕಲ್ಲ.

ನಮ್ಮೂರಿನ ಕಥೆ ಹೇಳಿದೆ. ಅಲ್ಲಿಯೂ ಅದೇ ಎಂದ. ಅಜ್ಜಿ ಹುಡುಗಿಯಾಗಿದ್ದಾಗ ನೆಲ ತೊಟ್ಟಿಲಿನಷ್ಟೇ ತೂಗಿ ಬೆಟ್ಟದಂಥ ನೀರು ಬಂದದ್ದನ್ನೂ ಹೇಳಿದೆ. ಚಾಪೆ ನಿಧಾನವಾಗಿ ಜಾರಿರಬಹುದು, ಮನೆಗಳಿಗೆ ತಿಳಿಯದ ಜಾರಿಕೆ ನೀರಿಗೆ ತಿಳಿದಿರಬಹುದು, ಆದರೆ ಇದು ಊಹೆ ಎಂದ. ನಮ್ಮ ಕಾಲದ್ದು, ಅಮ್ಮನನ್ನು ಒಯ್ದದ್ದು, ಬೇರೆಯಂತೆ. ಕೆಳಗಿಳಿಯುವ ಚಾಪೆ ಬಾಗುವಾಗ ಅದರ ಬೆನ್ನೇ ಮುರಿದಿರಬೇಕಂತೆ. ಅದೂ ಊಹೆ. ಊಹೆಯನ್ನು ಊಹೆ ಎನ್ನುವವನಾದ್ದರಿಂದ ನಂಬಿದೆ.

ಒಂದು ಮಾತು ಕೇಳಿ ನಗಬೇಕೆನಿಸಿತು. ನಿಮ್ಮ ಬಾಗಿಲಲ್ಲಿ ಇಳಿಯುವ ತಳ, ನಮ್ಮ ಬಾಗಿಲಲ್ಲಿ ಇಳಿಯುವ ತಳ, ಎರಡೂ ಹುಟ್ಟುವುದು ಸಾಗರದ ನಡುವಿನ ಒಂದೇ ಬೆಟ್ಟಸಾಲಿನಲ್ಲಂತೆ. ಅಲ್ಲಿಂದ ಒಂದು ನಿನ್ನ ಕಡೆ ಹೊರಟಿತು, ಒಂದು ನನ್ನ ಕಡೆ. ಸಮುದ್ರದ ಮುಖ ನೋಡಬಾರದೆಂದು ನಾನು ಭೂಮಿಯ ಈ ತುದಿಗೆ ಬಂದೆ. ಬಂದು ಕೂತದ್ದು ಅದೇ ಮನೆಯ ಇನ್ನೊಂದು ಬಾಗಿಲಲ್ಲಿ.

ಇನ್ನು ಅಜ್ಜಿಗೆ.

ಏ ಮುದುಕಿ, ನಾನು ಸೆಯ್‌ಕಿಚಿ. ನನ್ನ ಕೈ ಕೊಡವಿದ ದಿನದಿಂದ ನಿನ್ನ ಮೇಲೆ ಕೋಪ ಇಟ್ಟುಕೊಂಡಿದ್ದೇನೆ. ಆ ಕೋಪದಿಂದಲೇ ನಿನ್ನ ಹಿಂದೆ ಓಡಿದೆ, ಬದುಕಿದೆ. ಅದು ತಿಳಿಯಲು ನನ್ನ ಹೆಂಡತಿಯ ಸೌಟಿನ ಏಟು ಬೇಕಾಯಿತು. ಒಂದೇ ಪ್ರಶ್ನೆ. ಹೆದರಿ ಓಡಿದೆಯಾ, ತಿಳಿದು ಓಡಿದೆಯಾ? ತಿಳಿದೇ ಓಡಿದ್ದರೆ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ? ನಾನು ಹಡಗು ಹತ್ತುವ ದಿನವೂ ಬಾಗಿಲಲ್ಲಿ ನಿಂತು ಸುಮ್ಮನಿದ್ದೆಯಲ್ಲ, ಹಟಮಾರಿ ಮುದುಕಿ. ಇನ್ನೂ ಇದ್ದೀಯ ತಾನೇ? ಇರಬೇಕು. ಉತ್ತರ ಹೇಳದೆ ಹೋಗುವ ಹಾಗಿಲ್ಲ.

ಸೆಯ್‌ಕಿಚಿ

*

ಕೊಮಾಹಾಮಾ
1969 ಮಾರ್ಚ್ 3

ಅಣ್ಣಾ,

ನಿನ್ನ ಪತ್ರ ಬಂದದ್ದು ಅಮ್ಮ ಹೋದ ದಿನದ ಹಿಂದಿನ ಸಂಜೆ. ಇಂದು ಬೆಳಿಗ್ಗೆ ಅಜ್ಜಿಯನ್ನು ಬಿಸಿಲಿಗೆ ಕೂರಿಸಿ ಅವಳ ಕಿವಿಯ ಹತ್ತಿರ ಓದಿದೆ. "ಏ ಮುದುಕಿ" ಎಂಬಲ್ಲಿ ತಡೆದೆ, ಬದಲಿಸಿ ಓದಲೇ ಎಂದು ಯೋಚಿಸಿದೆ. ಅವಳು, "ಇದ್ದದ್ದನ್ನ ಇದ್ದ ಹಾಗೆ ಓದೇ" ಅಂದಳು. ಪೂರ್ತಿ ಓದಿದೆ. ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ ನನ್ನ ಮುಖ ನೋಡಿ ನಕ್ಕಳು.

"ಇದು ಅವಂದು. ಹಿಂದಿನವೆಲ್ಲ ನೀನ್ ಕಟ್ಟಿದ್ದು."

ನಾನು ಪತ್ರ ಮಡಚತೊಡಗಿದೆ.

"'ಪೂಜ್ಯ ಅಜ್ಜಿಯ ಪಾದಗಳಿಗೆ' ಅಂತ ಓದ್ತಿದ್ದೆಯಲ್ಲ. ಆ ಜಗಳಗಂಟ ಪಾದ ಅಂತಾನಾ? ಇದ್ರಲ್ಲಿ ಬೈಗುಳ ಇದೆ, ಇದು ಅವಂದೇ."

ಹೌದು ಅಣ್ಣಾ, ಅವಳಿಗೆ ನಿನ್ನ ನಮಸ್ಕಾರಗಳನ್ನು ನಾನೇ ಕಟ್ಟಿ ಓದುತ್ತಿದ್ದೆ. ನಿನಗೆ ಬರೆದ ಆಶೀರ್ವಾದಗಳೂ ನನ್ನವೇ. ಆ ಬೆಟ್ಟದ ದಾರಿಯ ಬೈಗುಳ ಬಿಟ್ಟರೆ ಅವಳು ಒಂದು ದಿನವೂ ನಿನ್ನ ಹೆಸರು ಎತ್ತಿದವಳಲ್ಲ. ಇಬ್ಬರು ಹಟಮಾರಿಗಳ ನಡುವೆ ನಾನು ಇನ್ನೇನು ಮಾಡಲಿ? ಈಗ ಅವಳು ಹೇಳಿದ್ದನ್ನು ಒಂದಕ್ಷರ ಬದಲಿಸದೆ ಬರೆಯುತ್ತೇನೆ. ಇದು ನಿಜವಾಗಿಯೂ ಅವಳದು.

"ಲೋ ಸೆಯ್‌ಕಿಚಿ. ಎರಡೂ ಕಣೋ. ಹೆದರಿದ್ದೆ, ತಿಳಿದೂ ಇದ್ದೆ. ನಾನು ಹುಡುಗಿ ಆಗಿದ್ದಾಗ, ಮೊದಲನೇ ಸಲ ನೀರು ಬಂದಾಗ, ದಾರೀಲಿ ನಿಂತು ಹಿಂದೆ ನೋಡ್ದೆ. ನಾನು ನಿಂತಿದ್ದಕ್ಕೆ ಹಿಂದೆ ಬರ್ತಿದ್ದ ನನ್ ತಂಗೀರೂ ನಿಂತರು. ನಾನು ಪೈನ್ ಮರದಲ್ಲಿ ಸಿಕ್ಕೆ. ಅವರು ಸಿಗಲಿಲ್ಲ. ಮುಂದಿದ್ದೋರು ನಿಂತರೆ ಹಿಂದಿದ್ದೋರು ನಿಲ್ತಾರೆ, ಅಷ್ಟೇ ನನಗೆ ಗೊತ್ತಿರೋದು. ನಿಮ್ಮಮ್ಮನ್ನ ಕರೆಯೋಕೆ ನಾನು ತಿರುಗಿದ್ರೆ ನೀನೂ ಬರ್ತಿದ್ದೆ, ಕಿನೂನೂ ಬರ್ತಿದ್ಲು. ಪ್ರೀತಿಯಿಂದ ಕರೆದಿದ್ರೆ ನೀನು ನಿಂತು ಅಳ್ತಿದ್ದೆ. ಬೈದ್ರೆ ಹೊಡೆಯೋಕ್ ಬರ್ತೀಯ ಅಂತ ಗೊತ್ತಿತ್ತು. ನೀನು ಚಿಕ್ಕೋನಿಂದ್ಲೂ ಹಾಗೇ.

"ಯಾಕೆ ಹೇಳ್ಲಿಲ್ಲ ಅಂತೀಯ. ಹೇಳಿದ್ರೆ, ಅಜ್ಜಿ ಸರಿ ಮಾಡಿದ್ಲು ಅಂತಿದ್ದೆ. ಸರಿ ಹೆಂಗಾಗತ್ತೋ? ಅವಳು ನನ್ ಸೊಸೆ, ನನ್ ಕೈಯಲ್ಲಿ ಬೆಳೆದ ಹುಡುಗಿ. ಅವಳನ್ನ ಬಿಟ್ಟು ಬಂದಿದ್ದು ನಿಜ. ಯಾರಾದ್ರೂ ಒಬ್ರು ನನ್ ಮೇಲೆ ಕೋಪ ಇಟ್ಕೊಂಡಿರ್ಲಿ ಅನ್ನಿಸ್ತು. ನೀನು ಇಟ್ಕೊಂಡಿದ್ದೆ. ಈಗ ಸಾಕು, ಇಳಿಸು."

ಇಲ್ಲಿಗೆ ನಿಲ್ಲಿಸಿ ನೀರು ಕುಡಿದಳು. ನಾನು ಅಳುತ್ತಿದ್ದೆ. "ಮಸಿ ಕಲಸಿಹೋಗತ್ತೆ, ಕಣ್ಣು ಒರೆಸ್ಕೊಂಡ್ ಬರೆ" ಅಂದು ಮುಂದುವರಿಸಿದಳು.

"ಓಡುವಾಗ ಯಾರೂ ಯಾರನ್ನೂ ಕಾಯಬಾರದು. ಮೇಲೆ ಹತ್ತಿದ ಮೇಲೆ ಕಾಯಬಹುದು, ಅದಕ್ಕೆ ಅಡ್ಡಿ ಇಲ್ಲ. ನಾನು ಮೇಲೆ ಹತ್ತಿ ಕೂತು ಮೂವತ್ತಾರು ವರ್ಷ ಆಯ್ತು. ನೀನು ಹಿಂದೇನೇ ಬರ್ತಿದ್ದೀಯ ಅಂದ್ಕೊಂಡಿದ್ದೆ, ಎಲ್ಲಿ ಹೋದ್ಯೋ ಮಾರಾಯ? ಆ ಸೌಟಿನೋಳನ್ನೂ ಕರ್ಕೊಂಡ್ ಬಾ."

ಅಷ್ಟೇ ಅಣ್ಣಾ. ಸಂಜೆ ಎಲ್ಲರ ಚಪ್ಪಲಿ ಅವರವರ ದಿಂಬಿನ ಪಕ್ಕ ಇಟ್ಟಳು. ಆಮೇಲೆ ಪೆಟ್ಟಿಗೆಯಿಂದ ಇನ್ನೂ ಎರಡು ಜೊತೆ ಹುಲ್ಲಿನ ಚಪ್ಪಲಿ ತೆಗೆದಳು. ಒಂದು ಹಳೆಯದು, ಮನೆ ಹೋದ ಮೇಲೆ ಶಾಲೆಯಲ್ಲಿ ಕೂತು ಹೆಣೆದದ್ದು, ಹದಿನೈದು ವರ್ಷದ ಹುಡುಗನ ಅಳತೆಯದು. ಇನ್ನೊಂದು ಹೊಸದು. ಅತ್ತಿಗೆಯ ಪಾದ ಎಷ್ಟುದ್ದ ಎಂದು ಬರೆದು ತಿಳಿಸು, ಅಜ್ಜಿ ಹಿಮ್ಮಡಿ ಕಟ್ಟದೆ ಬಿಟ್ಟಿದ್ದಾಳೆ.

ಕಿನು